ನಡುಮನೆಗೊಂದು ಬೆಳಕಿಂಡಿ

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಆರ್‌ಸಿಸಿ ಮನೆ. ನಡುಮನೆಗೆ ಹಗಲಲ್ಲೂ ದೀಪ ಬೇಕು. ತಾರಸಿ ಕೊರೆದು ಗಾಜು ಕೂರಿಸಬಹುದೇ? ಸೋರುತ್ತದೆ ಎಂದು ಹೆದರಿಸುತ್ತಾರೆ.

ಉತ್ತರ: ಕೂರಿಸಬಹುದು. ತೊಲೆ ತಪ್ಪಿಸಿ 2 ಅಡಿ ಚೌಕ ಕೊರೆದರೆ ಸಾಕು. ಕಂಬಿ ಕತ್ತರಿಸುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಮೇಸ್ತ್ರಿಯ ಧೈರ್ಯವೊಂದೇ ಇಲ್ಲಿ ಸಾಲದು.

ಸಾಮಾನ್ಯವಾಗಿ ಸೋರುವುದು ಗಾಜಿನಿಂದಲ್ಲ, ಅಂಚಿನಿಂದ. ಕಿಂಡಿಯ ಸುತ್ತ ಕನಿಷ್ಠ 6 ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಎಬ್ಬಿಸಿ, ವಾಟರ್‌ಪ್ರೂಫಿಂಗನ್ನು ತಾರಸಿಯಿಂದ ಕಟ್ಟೆಯ ನೆತ್ತಿವರೆಗೂ ಹತ್ತಿಸಿ. ಗಾಜು ಕಟ್ಟೆಯಿಂದ 2 ಇಂಚು ಹೊರಚಾಚಿ, ಒಂದು ಕಡೆಗೆ ವಾಲಿರಲಿ. ಮಟ್ಟಸವಾಗಿ ಕೂರಿಸಿದರೆ ನೀರು, ದೂಳು ನಿಂತು ಕ್ರಮೇಣ ಅಂಚಿನ ಸಿಲಿಕೋನ್ ಅಂಟು ಬಿಟ್ಟುಕೊಳ್ಳುತ್ತದೆ. ಬರೀ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಬೇಡ, ನಡುವೆ ಪದರವಿಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು ಕೇಳಿ. ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡಿರುತ್ತವೆ. ಉತ್ತರದ ಕಟ್ಟೆಯಲ್ಲಿ ಜಾಲರಿಯ ಗಾಳಿಕಿಂಡಿ ಬಿಟ್ಟರೆ ಏಪ್ರಿಲ್ ಸೆಕೆ ಹೊರಹೋಗಲು ದಾರಿಯಾಗುತ್ತದೆ.