ಡ್ಯೂಟಿಗೆ ಹೊರಡುವಾಗಲೇ ಅಳು ಬರುತ್ತೆ, ನರ್ಸಿಂಗ್ ಬಿಟ್ಟುಬಿಡಲಾ?

ತುಮಕೂರಿನಲ್ಲಿ ಬಿ.ಎಸ್ಸಿ ನರ್ಸಿಂಗ್ ಎರಡನೇ ವರ್ಷ, ಬೆಳಗ್ಗೆ ಯೂನಿಫಾರ್ಮ್ ಹಾಕುವಾಗಲೇ ಅಳು, ಓದಿದ್ದು ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ನಾನೂ ಅದೇ ಊರಿನಲ್ಲಿ ಓದಿದವಳು, ಈಗ ಸ್ಟಾಫ್ ನರ್ಸ್.

ಬಿಡೋ ಮಾತು ಆಮೇಲೆ. ನಿಮಗೆ ಪೇಷೆಂಟ್ ಹತ್ತಿರ ಹೋಗೋಕೇ ಬೇಡ ಅನ್ನಿಸುತ್ತಾ, ಇಲ್ಲಾ ಅದರ ಸುತ್ತಲಿನದ್ದೆಲ್ಲ ಬೇಡ ಅನ್ನಿಸುತ್ತಾ?

ನನಗೆ ಸುತ್ತಲಿನದ್ದೇ ಜಾಸ್ತಿ. ಪಾವಗಡದ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಳಗ್ಗೆ ವಾರ್ಡು, ಮಧ್ಯಾಹ್ನ ಕ್ಲಾಸು, ರಾತ್ರಿ ಕೇರ್ ಪ್ಲ್ಯಾನ್, ಅಂದರೆ ಪೇಷೆಂಟ್‌ಗೆ ಏನೇನು ಆರೈಕೆ ಬೇಕು ಅನ್ನೋದನ್ನ, ಬರೆಯೋದು. ಒಂದು ದಿನ ನಿದ್ದೆಗಣ್ಣಲ್ಲಿ ಒಬ್ಬರ ಬಿಪಿಯನ್ನು ಪಕ್ಕದ ಬೆಡ್ಡಿನವರ ಚಾರ್ಟಿನಲ್ಲಿ ಬರೆದೆ. ತಪ್ಪು ನನ್ನದೇ. ಆದರೆ ಪೇಷೆಂಟ್ ಕಡೆಯವರ ಎದುರೇ ಬೈಸಿಕೊಂಡೆ ನೋಡಿ, ಅವತ್ತಿನಿಂದ ಕೈ ನಡುಕ. ಊರಿಂದ ವಾಪಸ್ ಬರುವಾಗ ಮಧುಗಿರಿ ದಾಟಿದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು. ಅಮ್ಮ ದೃಷ್ಟಿ ತೆಗೆದರು. ನಾನು ಬಸ್ಸು ಆಗಿಬರುತ್ತಿಲ್ಲ ಅಂದುಕೊಂಡೆ!

ನಿಜವಾಗಿ ಹೆದರಿಕೆಯಾಗಿದ್ದು ಬೇರೆ ದಿನ. ಅಜ್ಜಿಯೊಬ್ಬರು ನೀರು ಕೇಳಿದರು. 'ಇವರದ್ದೊಂದು ಗೋಳು' ಅಂತ ಮನಸ್ಸಿನಲ್ಲೇ ಬೈದೆ. ನಾನು ಹಾಗಿದ್ದವಳಲ್ಲ.

ಬರ್ನ್‌ಔಟ್ ಅನ್ನೋದು ಕಾಯಿಲೆಯಲ್ಲ, ಕೆಲಸದ ಒತ್ತಡ ತಂದೊಡ್ಡುವ ಸ್ಥಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಸುಸ್ತು, ಕೆಲಸದ ಮೇಲೆ ತಾತ್ಸಾರ, ಕೈಲಾಗಲ್ಲ ಅನ್ನೋ ಭಾವನೆ, ಈ ಮೂರೂ ಅದರಲ್ಲಿವೆ. ಆದರೆ ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ ಅದು ಡಿಪ್ರೆಶನ್ ಇರಬಹುದು. ಹೆಸರಿಡೋದು ಡಾಕ್ಟರ ಕೆಲಸ.

ಸೈಕಿಯಾಟ್ರಿ ಒಪಿಡಿಗೆ ಹೋದರೆ ಅಲ್ಲಿ ನಮ್ಮ ಸೀನಿಯರ್ಸೇ ಪೋಸ್ಟಿಂಗ್‌ನಲ್ಲಿ ಇರ್ತಾರೆ, ಅಲ್ವಾ? ನಾನು ಆ ನಾಚಿಕೆಯಲ್ಲೇ ನಾಲ್ಕು ತಿಂಗಳು ಕಳೆದೆ. ಈಗ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 2022ರಲ್ಲಿ ಶುರುವಾಗಿದ್ದು. 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನೋ ಯೋಚನೆ ಒಮ್ಮೆ ಬಂದಿದ್ದರೂ ಇವತ್ತೇ ಮಾಡಿ, ರೂಮ್‌ಮೇಟ್‌ಗೂ ಹೇಳಿ, ಒಬ್ಬರೇ ಇರಬೇಡಿ.

ಕಾಲೇಜಿನಲ್ಲಿ ಎಲ್ಲರಿಗೂ ಹೇಳಬೇಕಿಲ್ಲ. ಅವತ್ತು ನನಗೆ ಬೈದ ಮೇಡಂ ಬಿಟ್ಟು ಇನ್ನೊಬ್ಬ ಮೇಡಂ ಹತ್ತಿರ ಹೋದೆ. ಅವರು ಕೇಸ್ ಪ್ರೆಸೆಂಟೇಶನ್ನನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿಗೆ ತಿರುಗಿಸೋದು ಕಲಿಸಿದರು. ಅರ್ಧ ಭಾರ ಅಲ್ಲೇ ಇಳಿಯಿತು. ರಜೆ ಬೇಕಾದರೆ ಸುಮ್ನೆ ತಪ್ಪಿಸಿಕೊಳ್ಳಬೇಡಿ, ಬರೆದುಕೊಟ್ಟು ತಗೊಳ್ಳಿ. ಥಿಯರಿಗೆ 80 ಪರ್ಸೆಂಟ್ ಹಾಜರಿ ಸಾಕು, ಆದರೆ ಡಿಗ್ರಿ ಕೈಗೆ ಬರುವ ಮುಂಚೆ ಕ್ಲಿನಿಕಲ್ ಪೋಸ್ಟಿಂಗ್ ಪೂರ್ತಿ ನೂರು ತುಂಬಿಸಲೇಬೇಕು. ತಪ್ಪಿಸಿದ ಡ್ಯೂಟಿ ಕೊನೆಗೆ ಬಂದು ಕೂರುತ್ತೆ.

ನನ್ನ ರೂಮ್‌ಮೇಟ್ ಬಿಟ್ಟಳು. ಅವಳಿಗೆ ರಕ್ತ ಕಂಡರೇ ಆಗುತ್ತಿರಲಿಲ್ಲ, ಬಿಟ್ಟಿದ್ದೇ ಸರಿ. ಬಿ.ಕಾಂ ಮಾಡಿ ಚೆನ್ನಾಗಿದ್ದಾಳೆ. ನೀವೂ ಬಿಡೋದಾದರೆ ಪರೀಕ್ಷೆಯ ವಾರದಲ್ಲಿ ಮಾತ್ರ ನಿರ್ಧಾರ ಮಾಡಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಿನಲ್ಲಿದ್ದರೆ ಫೀಸಿನ ಲೆಕ್ಕವನ್ನೂ ಮೊದಲೇ ಕೇಳಿಕೊಳ್ಳಿ.