ಐದು ತಿಂಗಳಾದರೂ ಟೀಮಿನಲ್ಲಿ ನಾನೇ ಹಿಂದೆ ಅನಿಸುತ್ತಿದೆ. ಡೆವಲಪರ್ ಕೆಲಸಕ್ಕೆ ನಾನು ಲಾಯಕ್ಕಿಲ್ಲವೇ?

ನೀವು ಬರೆದಿರುವುದು ಇಷ್ಟು: ಎರಡು ವರ್ಷ ಸಪೋರ್ಟ್ ಕೆಲಸ ಮಾಡಿ, ಬೆಂಗಳೂರಿನ ಒಂದು ಪ್ರಾಡಕ್ಟ್ ಕಂಪನಿಗೆ ಜಾವಾ ಡೆವಲಪರ್ ಆಗಿ ಸೇರಿದ್ದೀರಿ. ಪ್ರತಿ ಪುಲ್ ರಿಕ್ವೆಸ್ಟಿಗೂ (ಬರೆದ ಕೋಡನ್ನು ಸೇರಿಸುವ ಮುಂಚೆ ರಿವ್ಯೂಗೆ ಕಳಿಸುವುದು) ಮೂವತ್ತು ಕಮೆಂಟ್ ಬೀಳುತ್ತವೆ. ಪಕ್ಕದವರು ಅರ್ಧ ಗಂಟೆಯಲ್ಲಿ ಹಿಡಿಯುವ ಬಗ್ ನಿಮಗೆ ಎರಡು ದಿನ ಹಿಡಿಯುತ್ತದೆ. ಬೆಳಗಿನ ಟೀಮ್ ಮೀಟಿಂಗ್ ಆದ ಸ್ಟ್ಯಾಂಡ್‌ಅಪ್‌ನಲ್ಲಿ ಬಾಯಿಯೇ ಬರುವುದಿಲ್ಲ. ಭಾನುವಾರ ರಾತ್ರಿ ನಿದ್ದೆಯಿಲ್ಲ.

"ಲಾಯಕ್ಕಿದ್ದೀನಾ" ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಯಾವುದು ಬರುವುದಿಲ್ಲ ಅಂತ ಬಿಡಿಸಿ ಕೇಳಿಕೊಂಡರೆ ಸಿಗುತ್ತದೆ.

ಮೊದಲು ಆ ಎರಡು ದಿನದ ಬಗ್. ಪಕ್ಕದವರು ಅಲ್ಲಿ ನಾಲ್ಕು ವರ್ಷದಿಂದ ಇದ್ದರೆ, ಯಾವ ಟೇಬಲ್, ಯಾವ ಲಾಗ್, ಯಾವ ಸರ್ವಿಸ್ ಆಗಾಗ ಕೈಕೊಡುತ್ತದೆ ಅನ್ನುವುದು ಅವರ ತಲೆಯಲ್ಲೇ ಇರುತ್ತದೆ. ಅದು ಬುದ್ಧಿಯ ಅಂತರವಲ್ಲ, ಆ ಕೋಡ್‌ಬೇಸಿನ ಪರಿಚಯ. ಪರಿಚಯ ಮಾಡಿಕೊಳ್ಳಲು ದಾರಿಯಿದೆ. "ಆರ್ಡರ್ ಮಾಡಿ" ಬಟನ್ನಿನಂಥ ಒಂದೇ ರಿಕ್ವೆಸ್ಟ್ ಆರಿಸಿಕೊಳ್ಳಿ. ಆ ರಿಕ್ವೆಸ್ಟ್ ಮೊದಲು ತಲುಪುವ ಕಂಟ್ರೋಲರ್‌ನಲ್ಲಿ ಬ್ರೇಕ್‌ಪಾಯಿಂಟ್ (ಕೋಡ್ ನಿಲ್ಲುವ ಗುರುತು) ಇಟ್ಟು, ಅದು ಡೇಟಾಬೇಸ್ ಕ್ವೆರಿ ಆಗುವವರೆಗೂ ಒಂದೊಂದೇ ಹೆಜ್ಜೆ ನಡೆಸಿ ನೋಡಿ. ದಾರಿಯಲ್ಲಿ ಸಿಕ್ಕ ಕ್ಲಾಸ್, ಟೇಬಲ್, ಕ್ಯೂ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬಾಣ ಹಾಕಿ ಬರೆಯಿರಿ. ವಾರಕ್ಕೆ ಒಂದು ದಾರಿ, ಒಂದೂವರೆ ಗಂಟೆ ಸಾಕು. ಎಂಟು ವಾರಕ್ಕೆ ಎಂಟು ಹಾಳೆ ಕೈಯಲ್ಲಿರುತ್ತವೆ. ಹೆಚ್ಚಿನವರು ಎಡವುವುದು ಫೋಲ್ಡರ್‌ಗಳನ್ನು ಪಠ್ಯಪುಸ್ತಕದಂತೆ ಮೇಲಿನಿಂದ ಓದಲು ಹೋಗಿ. ಕೋಡ್ ಓಡುವುದು ಫೋಲ್ಡರಿನ ಕ್ರಮದಲ್ಲಲ್ಲ, ಹಾಗಾಗಿ ಓದಿದ್ದು ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ವಿಚಿತ್ರ ಸಾಲು ಕಂಡರೆ ಅದನ್ನು ಯಾರು, ಯಾವಾಗ ಬದಲಿಸಿದರು ಅಂತ ತೋರಿಸುವ ಗಿಟ್ ಬ್ಲೇಮ್ ಹಾಕಿ, ಆ ಕಮಿಟ್‌ನ (ದಾಖಲಾದ ಬದಲಾವಣೆಯ) ಟಿಕೆಟ್ ಓದಿ. ಸಾಲಿನ ಹಿಂದಿನ ಕಾರಣ ಬಹಳ ಸಲ ಅಲ್ಲೇ ಇರುತ್ತದೆ.

ವೇಗವೂ ಎಷ್ಟೋ ಮಟ್ಟಿಗೆ ಪದ್ಧತಿಯ ಮಾತೇ. ಹಿಂದಿನ ರಿಲೀಸ್‌ನಲ್ಲಿ ಸರಿಯಿದ್ದು ಈಗ ಕೆಟ್ಟಿರುವ ಬಗ್‌ಗೆ ಗಿಟ್ ಬೈಸೆಕ್ಟ್ ಬಳಸಿದರೆ, 1000 ಕಮಿಟ್‌ಗಳ ನಡುವೆ ಕೆಡಿಸಿದ್ದು ಯಾವುದು ಅಂತ ಸುಮಾರು 10 ಪರೀಕ್ಷೆಯಲ್ಲಿ ತಿಳಿಯುತ್ತದೆ. ಪ್ರತಿ ಸಲವೂ ಅದು ಅರ್ಧವನ್ನು ತಳ್ಳಿಹಾಕುತ್ತದೆ. ಕಣ್ಣಲ್ಲೇ ಹುಡುಕುತ್ತ ಕೂತರೆ ಎರಡು ದಿನ ಹೋಗುವುದು ಸಹಜ.

ಇನ್ನು ಮೂವತ್ತು ಕಮೆಂಟ್. ಕೊನೆಯ ಐದು ಪುಲ್ ರಿಕ್ವೆಸ್ಟ್‌ಗಳ ಕಮೆಂಟ್‌ಗಳನ್ನೆಲ್ಲ ಒಂದು ಶೀಟ್‌ಗೆ ಹಾಕಿ, ವಿಂಗಡಿಸಿ: ಹೆಸರು ಮತ್ತು ಫಾರ್ಮ್ಯಾಟ್, ಟೆಸ್ಟ್ ಇಲ್ಲದ್ದು, ನಲ್ (ಮೌಲ್ಯವೇ ಇಲ್ಲದಿರುವುದು) ಮತ್ತು ಎರರ್ ಹ್ಯಾಂಡ್ಲಿಂಗ್, ಡಿಸೈನ್. ಸಾಮಾನ್ಯವಾಗಿ ಒಂದೆರಡು ಕಾಲಮ್‌ಗಳೇ ತುಂಬುತ್ತವೆ. ಫಾರ್ಮ್ಯಾಟಿನದ್ದನ್ನು ಸೇವ್ ಮಾಡಿದಾಗ ತಾನೇ ಓಡುವ ಫಾರ್ಮ್ಯಾಟರ್‌ಗೆ ಬಿಡಿ. ನಲ್ ಜಾಸ್ತಿಯಿದ್ದರೆ ರಿವ್ಯೂಗೆ ಕಳಿಸುವ ಮುಂಚೆ ಮೂರು ಸಂಗತಿ ಪರೀಕ್ಷಿಸಿ: ಲಿಸ್ಟ್ ಖಾಲಿ ಬಂದರೆ, ಫೀಲ್ಡ್ ಇಲ್ಲದೇ ಬಂದರೆ, ಇದೇ ಕಾಲ್ ಎರಡು ಸಲ ಬಂದರೆ ಏನಾಗುತ್ತದೆ? ಡಿಸೈನ್ ಕಮೆಂಟ್‌ಗಳು ನೋಯಿಸುತ್ತವೆ, ಏಕೆಂದರೆ ಮೂರು ದಿನದ ಕೆಲಸ ಮತ್ತೆ ಬರೆಯಬೇಕಾಗುತ್ತದೆ. ಅದಕ್ಕೆ ಕೋಡ್ ಬರೆಯುವ ಮುಂಚೆಯೇ ರಿವ್ಯೂ ಮಾಡುವವರ ಹತ್ತಿರ 15 ನಿಮಿಷ ಮಾತಾಡಿ, ಮೊದಲ 50 ಸಾಲಿಗೇ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ತೆರೆಯಿರಿ. ಒಟ್ಟು 200 ಸಾಲು ದಾಟಿದರೆ ಎರಡು ಭಾಗ ಮಾಡಿ. 800 ಸಾಲು ಕಳಿಸಿದರೆ ಯಾರಿಗೇ ಆಗಲಿ ಮೂವತ್ತು ಕಮೆಂಟ್ ಬೀಳುತ್ತವೆ.

ಆ ಸಂಖ್ಯೆ ಮಾರ್ಕ್ಸ್ ಕಾರ್ಡ್ ಅಲ್ಲ. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ನೆನಪಿಸಿಕೊಳ್ಳಿ: ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹೊರಗಿನಿಂದ ಬಂದ ಡೇಟಾದ ಉದ್ದವನ್ನು ಪರೀಕ್ಷಿಸುವ ಒಂದು ಚೆಕ್ ಇರಲಿಲ್ಲ. ಪರಿಣತರು ರಿವ್ಯೂ ಮಾಡಿದ ಕೋಡ್ ಅದು. ಆದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. ನಿಮ್ಮ ಕೋಡ್‌ನಲ್ಲಿ ಯಾರೋ ನಲ್ ಚೆಕ್ ಕೇಳಿದರೆ ರಿವ್ಯೂ ತನ್ನ ಕೆಲಸ ಮಾಡಿತು ಅಂತ ಅರ್ಥ.

ಪ್ರಶ್ನೆ ಕೇಳಲು ಸಂಕೋಚವೆಂದರೆ ಗಡುವು ಇಟ್ಟುಕೊಳ್ಳಿ. 40 ನಿಮಿಷ ಒಬ್ಬರೇ ಹುಡುಕಿ, ಆಮೇಲೆ ಕೇಳಲೇಬೇಕು. "ವರ್ಕ್ ಆಗ್ತಿಲ್ಲ ಸರ್" ಅಂದರೆ ಉತ್ತರ ಕೊಡುವವರಿಗೆ ಹಿಡಿಯಲು ಏನೂ ಇರುವುದಿಲ್ಲ. ಹೀಗೆ ಬರೆಯಿರಿ: "ಕ್ಯಾನ್ಸಲ್ ಮಾಡಿದ ಆರ್ಡರ್‌ಗೆ ರೀಫಂಡ್ ಎರಡು ಸಲ ಹೋಗ್ತಿದೆ. ಸ್ಟೇಜಿಂಗ್‌ನಲ್ಲಿ ಮಾತ್ರ, ಲೋಕಲ್‌ನಲ್ಲಿ ಇಲ್ಲ. ಲಾಗ್‌ನಲ್ಲಿ ಒಂದೇ ಮೆಸೇಜ್ ಐಡಿ ಎರಡು ಸಲ ಇದೆ. ಟೈಮೌಟ್ ಆಗಿ ರಿಟ್ರೈ ಆಗ್ತಿದೆ ಅಂತ ಅನುಮಾನ. ಟೈಮೌಟ್ ಎಲ್ಲಿ ಸೆಟ್ ಮಾಡಿದ್ದೀವಿ?" ಎಷ್ಟೋ ಸಲ ಇದನ್ನು ಬರೆಯುತ್ತಿರುವಾಗಲೇ ಉತ್ತರ ಹೊಳೆಯುತ್ತದೆ.

ಸ್ಟ್ಯಾಂಡ್‌ಅಪ್‌ಗೆ ಹಿಂದಿನ ಸಂಜೆಯೇ ಮೂರು ಸಾಲು ಬರೆದಿಟ್ಟುಕೊಂಡು ಓದಿ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ತಡವರಿಸಿದ್ದನ್ನೂ ಕೋಡಿಂಗ್ ಬಾರದ್ದರ ಖಾತೆಗೇ ಬರೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎರಡೂ ಬೇರೆ ಬೇರೆ.

1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಸಾಧನೆ ಮಾಡಿದ ಮಹಿಳೆಯರಲ್ಲಿ ಇಂಥದೇ ಭಾವನೆಯನ್ನು ಗುರುತಿಸಿದರು. ಗೆಲುವೆಲ್ಲ ಅದೃಷ್ಟದ್ದು, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ ಅನ್ನುವ ಭಯ ಅದು. ಹೊಗಳಿಕೆ ಇಲ್ಲಿ ನಾಟುವುದಿಲ್ಲ. ತಾರೀಖು ಸಮೇತ ಬರೆದಿಟ್ಟ ದಾಖಲೆಯನ್ನು ಅಲ್ಲಗಳೆಯುವುದು ಕಷ್ಟ. ಶುಕ್ರವಾರ ಹತ್ತು ನಿಮಿಷ: ಈ ವಾರ ಮುಗಿಸಿದ್ದು, ಸಿಕ್ಕಿಹಾಕಿಕೊಂಡಿದ್ದು, ಬಿಡಿಸಿದ್ದು ಹೇಗೆ. ಮೂರು ತಿಂಗಳ ದಾಖಲೆಯಲ್ಲಿ ಅದೇ ಜಾಗದಲ್ಲೇ ಪದೇ ಪದೇ ನಿಂತಿದ್ದೀರಿ ಅಂತ ಕಂಡರೆ, ಆಗ ಅದು ನಿಜವಾದ ಕೊರತೆ. ಎಸ್‌ಕ್ಯೂಎಲ್ ಜಾಯಿನ್ (ಡೇಟಾಬೇಸಿನ ಟೇಬಲ್‌ಗಳನ್ನು ಜೋಡಿಸುವುದು) ಆ ಕೊರತೆಯಾದರೆ ಅದೊಂದನ್ನೇ ದಿನಕ್ಕೆ 45 ನಿಮಿಷ, ಆರು ವಾರ ಕಲಿಯಿರಿ. ಮೂರು ಕೋರ್ಸ್ ಒಟ್ಟಿಗೆ ಕೊಳ್ಳಬೇಡಿ.

ನಿದ್ದೆ ಭಾನುವಾರ ಮಾತ್ರವಲ್ಲದೆ ಎರಡು ವಾರ ಸತತವಾಗಿ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮೇಲಿನ ಯಾವ ಉಪಾಯಕ್ಕೂ ಕಾಯದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮ್ಯಾನೇಜರ್ ಏನಂದುಕೊಂಡಿದ್ದಾರೋ ಅಂತ ಊಹಿಸುತ್ತ ಕೂರಬೇಡಿ. ನಿಮ್ಮ ಪ್ರೊಬೇಷನ್ ಆರು ತಿಂಗಳದ್ದಾದರೆ ಇನ್ನೊಂದೇ ತಿಂಗಳಿದೆ. ಈ ವಾರದ ಒನ್-ಆನ್-ಒನ್‌ನಲ್ಲೇ ನೇರವಾಗಿ ಕೇಳಿ: "ಆರು ತಿಂಗಳಿಗೆ ನನ್ನಿಂದ ಏನು ನಿರೀಕ್ಷೆ ಇದೆ? ಅದರಲ್ಲಿ ಎಲ್ಲಿ ಹಿಂದಿದ್ದೀನಿ? ಒಂದು ಉದಾಹರಣೆ ಕೊಡ್ತೀರಾ?" ಅವರು ಹೇಳಿದ್ದನ್ನು ಅಂದೇ ಮೇಲ್‌ನಲ್ಲಿ ಬರೆದು ಕಳಿಸಿ.