ಅರ್ಧ ಮುದ್ದೆ, ಒಂದು ಮಾತ್ರೆ, ಹಿತ್ತಲಿನ ಚಕ್ಕೋತ

ಪ್ರಶ್ನೆ: ನನ್ನ ಗಂಡನಿಗೆ 41 ವರ್ಷ, ಬಟ್ಟೆ ಅಂಗಡಿ ಇಟ್ಟಿದ್ದಾರೆ. ಏಳು ತಿಂಗಳ ಹಿಂದೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ದಿನಕ್ಕೊಂದು ಇಮ್ಯಾಟಿನಿಬ್ 400 ಮಿ.ಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬಿಳಿ ರಕ್ತಕಣಗಳ ಸಂಖ್ಯೆ ಈಗ ಸರಿಯಾಗಿದೆ. ಆದರೆ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡದ ಸೆಳೆತ, ಹೊಟ್ಟೆ ತೊಳಸುವುದು ತಪ್ಪಿಲ್ಲ. ನಮ್ಮ ಭಾವ ಅಮೃತಬಳ್ಳಿ ಕಷಾಯ, ಗೋಧಿಹುಲ್ಲಿನ ರಸ, ಲಕ್ಷ್ಮಣಫಲ, ಅರಿಶಿನ ಸತ್ವದ ಕ್ಯಾಪ್ಸೂಲು ಎಲ್ಲವನ್ನೂ ತಂದಿಟ್ಟಿದ್ದಾರೆ. ‘ರಿಪೋರ್ಟ್ ಚೆನ್ನಾಗಿದೆಯಲ್ಲ, ಮಾತ್ರೆ ದಿನ ಬಿಟ್ಟು ದಿನ ಸಾಕು, ಉಳಿದದ್ದನ್ನು ಆಹಾರ ನೋಡಿಕೊಳ್ಳುತ್ತದೆ’ ಎನ್ನುತ್ತಾರೆ. ಏನು ಕೊಡಲಿ, ಏನು ಬಿಡಲಿ?
— ಎಸ್., ರಾಣೆಬೆನ್ನೂರು

ಉತ್ತರ: ತಂಗೀ, ನಿಮ್ಮ ಭಾವನವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯಲ್ಲಿ ಅವರ ಕೆಲಸವನ್ನು ನನ್ನ ಚಿಕ್ಕಮ್ಮ ವಹಿಸಿಕೊಂಡಿದ್ದರು. ಆದರೆ ದಿನ ಬಿಟ್ಟು ದಿನ ಮಾತ್ರೆ ಎಂಬ ಮಾತನ್ನು ಇವತ್ತೇ ನಿಲ್ಲಿಸಿ. ಈ ಉತ್ತರದ ಉಳಿದ ಭಾಗವನ್ನು ನಾಳೆ ಓದಿದರೂ ನಡೆಯುತ್ತದೆ.

ಹೊಸ ಓದುಗರಿಗೆ ಒಂದು ಮಾತು: ನಾನು ವೈದ್ಯೆಯಲ್ಲ. ತಾಲ್ಲೂಕು ಆಸ್ಪತ್ರೆಯೊಂದರ ಔಷಧ ಕೊಡುವ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತು 2021ರಲ್ಲಿ ನಿವೃತ್ತಳಾದ ಫಾರ್ಮಸಿಸ್ಟ್. ಮನೆ ದೇವನಹಳ್ಳಿಯಲ್ಲಿದೆ. 2009ರ ಶ್ರಾವಣದಲ್ಲಿ, ಮಧ್ಯಾಹ್ನ ಒಂದು ಮುದ್ದೆಯನ್ನು ಸಲೀಸಾಗಿ ಇಳಿಸುತ್ತಿದ್ದ ನನಗೆ ಅರ್ಧ ಮುದ್ದೆಗೇ ಹೊಟ್ಟೆ ಬಿರಿಯತೊಡಗಿತು. ಗ್ಯಾಸ್ ಎಂದುಕೊಂಡು ನಮ್ಮದೇ ಕಿಟಕಿಯ ಮಾತ್ರೆಗಳನ್ನು ಎರಡು ತಿಂಗಳು ನುಂಗಿದೆ. ನಿಜದಲ್ಲಿ ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು ಜಠರವನ್ನು ಒತ್ತುತ್ತಿತ್ತು. 11,000 ದಾಟಬಾರದ ಬಿಳಿ ಕಣಗಳು 2,14,000 ಇದ್ದವು. ನಿಮ್ಮವರ ಕಾಯಿಲೆಯೇ ನನ್ನದೂ. ಅಂದಿನಿಂದ ಅದೇ ಮಾತ್ರೆ ತಿನ್ನುತ್ತಿದ್ದೇನೆ.

ಈ ಕಾಯಿಲೆಯ ಬೇರು ನಿಮ್ಮ ಅಡುಗೆಮನೆಯಲ್ಲಿಲ್ಲ. ಮೂಳೆಮಜ್ಜೆಯ ಒಂದು ಜೀವಕೋಶದಲ್ಲಿ 9ನೇ ಮತ್ತು 22ನೇ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ಹಾಗೆ ಗಿಡ್ಡವಾದ ವರ್ಣತಂತುವನ್ನು 1960ರಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಎಂಬಿಬ್ಬರು ಫಿಲಡೆಲ್ಫಿಯಾದಲ್ಲಿ ಗುರುತಿಸಿದರು. ಅದು ಅದಲುಬದಲಿನ ಫಲ ಎಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಸೆಪ್ಟೆಂಬರ್ 22, ಅಂದರೆ 9ನೇ ತಿಂಗಳ 22, ನಮ್ಮ ಕಾಯಿಲೆಯ ದಿನವಾದದ್ದು ಇದರಿಂದಲೇ. ಈ ಎಡವಟ್ಟಿನಿಂದ ಹುಟ್ಟುವ ಪ್ರೋಟೀನು ಸ್ವಿಚ್ಚು ಕೆಟ್ಟ ಬೋರ್‌ವೆಲ್ ಮೋಟಾರಿನ ಹಾಗೆ ಬಿಳಿ ಕಣಗಳನ್ನು ಸುರಿಸುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಆ ಪ್ರೋಟೀನಿಗೇ ಹೋಗಿ ಅಂಟಿಕೊಂಡು ಮೋಟಾರು ನಿಲ್ಲಿಸುತ್ತದೆ, ಆದರೆ ಒಂದು ದಿನದ ಮಟ್ಟಿಗೆ ಮಾತ್ರ. ದಾಳಿಂಬೆ, ಬೀಟ್‌ರೂಟ್ ತಿನ್ನಿಸಿ ‘ರಕ್ತ ಹೆಚ್ಚಿಸಿ’ ಎನ್ನುವವರು ಬರುತ್ತಾರೆ. ಅವು ಒಳ್ಳೆಯ ತಿನಿಸುಗಳೇ. ಈ ಮೋಟಾರಿಗೂ ಅವಕ್ಕೂ ಸಂಬಂಧವಿಲ್ಲ, ಅಷ್ಟೇ.

ಭಾವನವರು ನೋಡಿದ ರಿಪೋರ್ಟು ಕಣಗಳ ಎಣಿಕೆಯದ್ದು. ಅದು ಮೊದಲ ಒಂದೆರಡು ತಿಂಗಳಲ್ಲೇ ಸರಿಹೋಗುವಂಥದ್ದು. ಕಾಯಿಲೆ ಒಳಗೆ ಎಷ್ಟು ಉಳಿದಿದೆ ಎಂದು ಹೇಳುವುದು ಮೂರು ತಿಂಗಳಿಗೊಮ್ಮೆ ಮಾಡಿಸುವ ಪಿಸಿಆರ್ ಎಂಬ, ರಕ್ತದಲ್ಲಿ ಆ ಎಡವಟ್ಟಿನ ಗುರುತನ್ನು ಅಳೆಯುವ ಪರೀಕ್ಷೆ. ಅದರ ಹಾಳೆಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿಡಿ. ವರ್ಷಗಟ್ಟಲೆ ಮಾತ್ರೆ ತಿಂದು, ಅದರಲ್ಲಿ ಕನಿಷ್ಠ ಎರಡು ವರ್ಷ ಪಿಸಿಆರ್ ಶೇ 0.01ಕ್ಕಿಂತ ಮೇಲೇರದೆ ನಿಂತವರಿಗೆ ವೈದ್ಯರ ಕಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡುವುದುಂಟು. ಅವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮತ್ತೆ ತಲೆಯೆತ್ತಿ, ಮಾತ್ರೆ ಮತ್ತೆ ಶುರುವಾಗುತ್ತದೆ. ಏಳು ತಿಂಗಳಿಗೆ ಆ ಮಾತೇ ಇಲ್ಲ. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ 87 ರೋಗಿಗಳ ಮಾತ್ರೆ ಡಬ್ಬಿಗಳ ಮುಚ್ಚಳಕ್ಕೆ ಎಲೆಕ್ಟ್ರಾನಿಕ್ ಗುರುತು ಅಳವಡಿಸಿ ಎಷ್ಟು ಬಾರಿ ತೆರೆದರೆಂದು ಲೆಕ್ಕವಿಟ್ಟರು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಾತ್ರೆ ತಿಂದವರಲ್ಲಿ ಶೇ 94ಕ್ಕೂ ಹೆಚ್ಚು ಜನರ ಪಿಸಿಆರ್ ಬೇಕಾದಷ್ಟು ಇಳಿದಿತ್ತು. ಅದಕ್ಕಿಂತ ಕಡಿಮೆ ತಿಂದವರಲ್ಲಿ ಇಳಿದದ್ದು ಶೇ 28ರ ಆಸುಪಾಸು. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ನೀವು ಎರಡನೆಯ ಗುಂಪಿನ ಹೊಸ್ತಿಲಲ್ಲಿರುತ್ತೀರಿ. ಭಾವನವರು ಹೇಳುತ್ತಿರುವುದು ಹದಿನೈದು ಮಾತ್ರೆ ತಪ್ಪಿಸಿ ಎಂದು.

ಇನ್ನು ಕಷಾಯ. ಇದನ್ನು ಬರೆಯಲು ನನಗೆ ನಾಚಿಕೆ. 2011ರಲ್ಲಿ ಚಿಕ್ಕಮ್ಮನ ಒತ್ತಾಯಕ್ಕೆ ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಅಮೃತಬಳ್ಳಿ ಕಷಾಯವನ್ನು ನಾಲ್ಕು ತಿಂಗಳು ಕುಡಿದೆ. ಕಿಟಕಿಯಲ್ಲಿ ಎಲ್ಲರಿಗೂ ‘ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂದು ಕೇಳುತ್ತಿದ್ದವಳು ನನ್ನ ವೈದ್ಯರ ಮುಂದೆ ಬಾಯಿ ಬಿಡಲಿಲ್ಲ. ಯಕೃತ್ತಿನ ಕಿಣ್ವ 40ರೊಳಗೆ ಇರಬೇಕಾದದ್ದು 360ಕ್ಕೆ ಏರಿತು. ಇಮ್ಯಾಟಿನಿಬ್ ಕೂಡ ಒಮ್ಮೊಮ್ಮೆ ಯಕೃತ್ತನ್ನು ಕೆಣಕುತ್ತದೆ. ಯಾರು ತಪ್ಪಿತಸ್ಥರು ಎಂದು ಹೇಳುವುದು ಹೇಗೆ? ವೈದ್ಯರು ತಮಗೆ ಗೊತ್ತಿದ್ದ ಒಂದನ್ನು ನಿಲ್ಲಿಸಿದರು, ಅಂದರೆ ಮಾತ್ರೆಯನ್ನು. ನಾನು ಕಷಾಯ ಮುಂದುವರಿಸಿದೆ! ಮೂರನೆಯ ವಾರ ಮಗಳು ಗದರಿಸಿ ನನ್ನಿಂದ ನಿಜ ಹೇಳಿಸಿದಳು. ಆ ಸಲದ ಪಿಸಿಆರ್ ಏರಿತ್ತು, ಇಳಿಯಲು ಆರು ತಿಂಗಳು ಹಿಡಿಯಿತು. ಆಮೇಲೆ ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದು ಯಕೃತ್ತಿಗೆ ಪೆಟ್ಟು ಮಾಡಿಕೊಂಡವರ ಬಗ್ಗೆ ಮುಂಬೈನ ವೈದ್ಯರು ವರದಿ ಮಾಡಿದಾಗ ನನ್ನ ಲೋಟ ನೆನಪಾಯಿತು.

ಅರಿಶಿನ ಸತ್ವದ ಕ್ಯಾಪ್ಸೂಲಿಗೂ ಇದೇ ಮಾತು. ಸಾರಿಗೆ ಹಾಕುವ ಚಿಟಿಕೆ ಬೇರೆ. ಸತ್ವ ತೆಗೆದು, ಬೇಗ ಹೀರಿಕೊಳ್ಳಲೆಂದು ಮೆಣಸಿನ ಸಾರವನ್ನೂ ಸೇರಿಸಿದ ಕ್ಯಾಪ್ಸೂಲು ಬೇರೆ. ಅದರಿಂದಲೂ ಯಕೃತ್ತು ಕೆಟ್ಟ ಪ್ರಕರಣಗಳಿವೆ. ಲಕ್ಷ್ಮಣಫಲದ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುವುದೆಲ್ಲ ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶಗಳ ಕಥೆ, ಮನುಷ್ಯರದ್ದಲ್ಲ. ಅದರಲ್ಲಿ ನರಗಳಿಗೆ ವಿಷವಾಗುವ ಒಂದು ಅಂಶವಿದೆ, ಹೆಚ್ಚಾಗಿ ತಿನ್ನುವ ಕೆರಿಬಿಯನ್ ದ್ವೀಪವೊಂದರಲ್ಲಿ ಪಾರ್ಕಿನ್ಸನ್‌ನಂಥ ತೊಂದರೆಗೆ ಅದರ ನಂಟು ಕಂಡುಬಂದಿದೆ. ಗೋಧಿಹುಲ್ಲಿನ ದುಡ್ಡಿಗೆ ಸೊಪ್ಪು ತನ್ನಿ.

ಹಣ್ಣು ತಿನ್ನಬಹುದೇ ಎಂದರೆ, ಲಕ್ಷ್ಮಣಫಲದ ಮಾತು ಆಯಿತು, ನಮ್ಮ ಕಡೆ ದಿನನಿತ್ಯ ತಿನ್ನುವ ಹಣ್ಣುಗಳಲ್ಲಿ ಇನ್ನೊಂದನ್ನು ಬಿಟ್ಟು ಉಳಿದವನ್ನು ತಿನ್ನಬಹುದು. ಆ ಒಂದು ನನ್ನ ಹಿತ್ತಲಲ್ಲೇ ಇದೆ. ಇಮ್ಯಾಟಿನಿಬ್ ಪೊಟ್ಟಣದ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ರಸ ಬೇಡ ಎಂದಿರುತ್ತದೆ. ನಮ್ಮ ಕಡೆ ಅದು ಯಾರಿಗೂ ಗೊತ್ತಿಲ್ಲದ ಹಣ್ಣು, ಹಾಗಾಗಿ ಎಲ್ಲರೂ ಆ ಸಾಲನ್ನು ದಾಟಿಬಿಡುತ್ತಾರೆ. ಆದರೆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಮಾತ್ರೆಯನ್ನು ಅರಗಿಸುವ ಕಿಣ್ವವನ್ನು ತಡೆಯುವ ಅಂಥದೇ ರಾಸಾಯನಿಕಗಳು ಚಕ್ಕೋತದಲ್ಲೂ ಇವೆ, ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರಿಬಿಡಬಹುದು. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತದ ಊರಿನವಳು ನಾನು. ಮರ ಮಾವನವರು ನೆಟ್ಟದ್ದು. ಪ್ರತಿವರ್ಷ ಹಣ್ಣು ಸುಲಿದು, ಉಪ್ಪುಖಾರ ಹಚ್ಚಿ, ಮೊಮ್ಮಕ್ಕಳು ತಿನ್ನುವುದನ್ನು ನೋಡುತ್ತಾ ಕೂರುತ್ತೇನೆ.

ಈಗ ನಿಮ್ಮವರ ಮೂರು ತೊಂದರೆಗಳು. ಮಾತ್ರೆಯನ್ನು ದಿನದ ದೊಡ್ಡ ಊಟದ ಜೊತೆ, ದೊಡ್ಡ ಲೋಟ ತುಂಬ ನೀರಿನಲ್ಲಿ ತೆಗೆದುಕೊಳ್ಳಲಿ, ಆಮೇಲೆ ಒಂದು ಗಂಟೆ ಮಲಗದಿರಲಿ. ನನ್ನದು ಮಧ್ಯಾಹ್ನದ ಮುದ್ದೆ, ಬಸ್ಸಾರಿನ ಮೇಲೆ. ಅಂಗಡಿಯಲ್ಲಿ ಗಿರಾಕಿ ಹೆಚ್ಚಿ ಊಟ ತಪ್ಪುವಂತಿದ್ದರೆ ರಾತ್ರಿ ಬೇಗ ಊಟ ಮಾಡಿ ತೆಗೆದುಕೊಳ್ಳಲಿ, ಹೊತ್ತು ಮಾತ್ರ ನಿಗದಿಯಾಗಿರಲಿ. ಮಾತ್ರೆಯ ಹಾಳೆಯ ಬೆನ್ನಿಗೆ ಪೆನ್ನಿನಲ್ಲಿ ತಾರೀಖು ಬರೆದಿಡಿ. ತಪ್ಪಿದ ಮಾತ್ರೆಗೆ ಪ್ರತಿಯಾಗಿ ಮರುದಿನ ಎರಡು ನುಂಗುವುದು ಬೇಡ. ಕಣ್ಣಿನ ಊತಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿ, ತಲೆದಿಂಬು ಎತ್ತರಿಸಿ. ತೂಕ ದಿಢೀರನೆ ಏರಿದರೆ, ಉಸಿರು ಕಟ್ಟಿದರೆ ಅಡುಗೆಮನೆ ಔಷಧ ಬೇಡ, ಆಸ್ಪತ್ರೆಗೆ ಹೋಗಿ. ಸೆಳೆತಕ್ಕೆ ಮಲಗುವ ಮುನ್ನ ಗೋಡೆಗೆ ಕೈಯೂರಿ ಮೀನಖಂಡ ಎಳೆದು ನಿಲ್ಲಲಿ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಅಳೆಸಿ ನೋಡಲು ವೈದ್ಯರನ್ನು ಕೇಳಿ, ಕಡಿಮೆಯಿದ್ದರೆ ಅವರೇ ಕೊಡುತ್ತಾರೆ. ನೀವಾಗಿ ಕೊಳ್ಳಬೇಡಿ. ಭಾವನವರು ತಂದ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಮುಂದಿನ ಭೇಟಿಗೆ ಒಯ್ದು ವೈದ್ಯರ ಮೇಜಿನ ಮೇಲಿಡಿ. ಸಾಧ್ಯವಾದರೆ ಭಾವನವರನ್ನೂ ಕರೆದೊಯ್ಯಿರಿ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ, 68 ವರ್ಷ. ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ, ಆದರೆ ಈಗ ಚಿಕಿತ್ಸೆ ಬೇಡ, ಮೂರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನೆ ಕೂರುವುದೇ? ಗ್ರೀನ್ ಟೀ ಕ್ಯಾಪ್ಸೂಲು ಒಳ್ಳೆಯದಂತೆ.
— ಒಬ್ಬ ಓದುಗ, ಮೈಸೂರು

ಉತ್ತರ: ಸರ್, ನಿಮ್ಮದು ಹೆಸರಿನಲ್ಲಷ್ಟೇ ನಮ್ಮ ಕಾಯಿಲೆಯ ದಾಯಾದಿ. ಹೆಚ್ಚಾಗಿ ನಿಧಾನವಾಗಿ ನಡೆಯುವಂಥದ್ದು. ಲಕ್ಷಣವಿಲ್ಲದಾಗ ಬೇಗ ಚಿಕಿತ್ಸೆ ಶುರು ಮಾಡಿದವರು ಕಾದವರಿಗಿಂತ ಹೆಚ್ಚು ಕಾಲ ಬದುಕಿದ್ದು ಕಂಡಿಲ್ಲ, ಅದಕ್ಕೇ ಕಾಯುವುದು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಗ್ರೀನ್ ಟೀ ಸತ್ವವನ್ನು ನಿಮ್ಮಂಥವರಿಗೆ ಕೊಟ್ಟು ನೋಡಿದ್ದು ನಿಜ, ಕೆಲವರ ಕಣಗಳ ಸಂಖ್ಯೆ ಇಳಿದದ್ದೂ ನಿಜ. ಆಯುಸ್ಸು ಹೆಚ್ಚಿತು ಎಂದು ಅದರಿಂದ ಹೇಳಲಾಗದು, ಸತ್ವದ ಕ್ಯಾಪ್ಸೂಲು ಯಕೃತ್ತಿಗೆ ಒಳ್ಳೆಯದೂ ಅಲ್ಲ. ಬೇಕಿದ್ದರೆ ಚಹಾವನ್ನೇ ಕುಡಿಯಿರಿ.

ಸುಮ್ಮನೆ ಕೂರಲು ನಿಮಗೆ ಬಿಡುವೆಲ್ಲಿದೆ? ಈ ಕಾಯಿಲೆಯಲ್ಲಿ ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ಕೇಳಿ. ಸರ್ಪಸುತ್ತಿಗೂ ಜೀವಂತ ವೈರಾಣು ಇಲ್ಲದ ಲಸಿಕೆ ಈಗ ಸಿಗುತ್ತದೆ. ಜೀವಂತ ಲಸಿಕೆಗಳು ಮಾತ್ರ ಬೇಡ. ವಿಟಮಿನ್ ಡಿ ಅಳೆಸಿ, ಕಡಿಮೆಯಿದ್ದರಷ್ಟೇ ತೆಗೆದುಕೊಳ್ಳಿ. ರಸ್ತೆಬದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಕಾಯಿಸದ ಹಾಲು ಬಿಡಿ. ಜ್ವರ ಬಂದರೆ ‘ನೋಡೋಣ’ ಎನ್ನದೆ ಅದೇ ದಿನ ವೈದ್ಯರ ಬಳಿ ಹೋಗಿ. ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಬನಿಯನ್ ತೋಯುವಷ್ಟು ಬೆವರಿದರೆ, ಗಂಟು ಬೇಗ ಬೆಳೆದರೆ ಮೂರು ತಿಂಗಳು ಕಾಯಬೇಡಿ.

ಪ್ರಶ್ನೆ: ಎರಡು ವರ್ಷದಿಂದ ಸಿಎಂಎಲ್. ‘ಸದಾ ಪಾಸಿಟಿವ್ ಆಗಿರು, ಅದೇ ಔಷಧ’ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅಳು ಬರುತ್ತದೆ. ಅತ್ತರೆ ಕಾಯಿಲೆ ಹೆಚ್ಚುತ್ತದೆಯೇ?
— ಹೆಸರು ಬೇಡ, ಪುತ್ತೂರು

ಉತ್ತರ: ಇಲ್ಲ, ಮಗಳೇ. 2007ರಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರ್ ಇದ್ದ ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ, ಮನಸ್ಸು ಗೆಲುವಾಗಿದ್ದವರು ಹೆಚ್ಚು ಕಾಲ ಬದುಕಿದರೇ ಎಂದು ಹುಡುಕಿದರು. ಅಂಥ ನಂಟು ಸಿಗಲಿಲ್ಲ. ಸಿಎಂಎಲ್‌ನ ಆ ಪ್ರೋಟೀನಿಗೂ ನಿನ್ನ ಮುಖ ಸಪ್ಪಗಿದೆಯೋ ನಗುತ್ತಿದೆಯೋ ತಿಳಿಯುವುದಿಲ್ಲ. ನಾನು ಮೊದಲ ವರ್ಷ ಅತ್ತದ್ದು ಬಚ್ಚಲಮನೆಯಲ್ಲಿ, ನಲ್ಲಿ ತೆರೆದಿಟ್ಟು. ನೀರು ಪೋಲಾಯಿತು, ಪಿಸಿಆರ್ ಇಳಿಯುತ್ತಲೇ ಹೋಯಿತು.

ನನಗೆ ಧೈರ್ಯ ಬಂದದ್ದು ಉಪದೇಶದಿಂದಲ್ಲ. ಮೂಲ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ನಮ್ಮ ದೇಶದ ಕಂಪನಿಗಳದ್ದು 8,000ದ ಆಸುಪಾಸು. ಮೂಲ ಕಂಪನಿಗೆ ಪೇಟೆಂಟ್ ಸಿಕ್ಕಿ ನಮ್ಮ ಅಗ್ಗದ ಮಾತ್ರೆ ನಿಂತುಬಿಟ್ಟರೆ ಎಂದು ನನಗೆ ರಾತ್ರಿ ನಿದ್ದೆ ಇರಲಿಲ್ಲ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ಕೊಡಲಾಗದು ಎಂದಿತು. ಆ ತಾರೀಖಿಗೆ ಬಂದ ಸುದ್ದಿಯಾದ್ದರಿಂದ ತಮಾಷೆ ಇರಬೇಕೆಂದು ರಾತ್ರಿಯ ವಾರ್ತೆವರೆಗೂ ನಂಬಿರಲಿಲ್ಲ. ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಆದರೆ ಒಂದು ಎಚ್ಚರ. ಅಳುವಿನ ಜೊತೆ ನಿದ್ದೆ, ಊಟ ಎರಡೂ ಬಿಟ್ಟುಹೋಗಿ ವಾರಗಳಾಗಿದ್ದರೆ, ಅಥವಾ ಯಾಕಾದರೂ ಮಾತ್ರೆ ತಿನ್ನಲಿ ಅನ್ನಿಸುತ್ತಿದ್ದರೆ ಅದನ್ನು ನಿನ್ನ ವೈದ್ಯರಿಗೆ ಹೇಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೂ ಆಗುತ್ತದೆ, ಶುಲ್ಕವಿಲ್ಲ. ಮನಸ್ಸಿಗೆ ಮಾತ್ರೆ ಬರೆದರೆ ಸಿಎಂಎಲ್ ಮಾತ್ರೆಯ ಹೆಸರನ್ನು ಅವರಿಗೆ ತೋರಿಸು. ವಿದೇಶದಿಂದ ಯಾರಾದರೂ ‘ಮೂಡ್ ಸರಿಹೋಗುತ್ತದೆ’ ಎಂದು ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಕ್ಯಾಪ್ಸೂಲು ತಂದುಕೊಟ್ಟರೆ ಮಾತ್ರ ಬೇಡವೇ ಬೇಡ. ಅದು ಚಕ್ಕೋತಕ್ಕೆ ತದ್ವಿರುದ್ಧ, ಇಮ್ಯಾಟಿನಿಬ್ಬನ್ನು ರಕ್ತದಿಂದ ಬೇಗ ಓಡಿಸಿಬಿಡುತ್ತದೆ. ನನ್ನ ತಮ್ಮನ ಮಗ ಅಮೆರಿಕದಿಂದ ತಂದ ಡಬ್ಬಿ ಸೀಲು ಒಡೆಯದೆ ಇನ್ನೂ ಕಪಾಟಿನಲ್ಲಿದೆ. ಅವನು ಬಂದಾಗಲೆಲ್ಲ ಮುಂದಿನ ಸಾಲಿಗೆ ತಂದಿಡುತ್ತೇನೆ.